ಬರೀ ವಾಕಿಂಗ್ ಸಾಕೇ?

ಅರವತ್ತು ದಾಟಿದವರು ಯಾವ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಕೊನೆಗೆ ಸಿಗುವ ಸಲಹೆ ಒಂದೇ: ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ. ಸಕ್ಕರೆ ಕಾಯಿಲೆಗೂ ಅದೇ, ಬಿ.ಪಿ.ಗೂ ಅದೇ, ನಿದ್ದೆ ಬಾರದಿದ್ದರೂ ಅದೇ. ಬೆಳಗಿನ ಆರಕ್ಕೆ ಲಾಲ್‌ಬಾಗಿಗೋ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಗೋ ಹೋದರೆ ಆ ಮಾತನ್ನು ಶಿರಸಾವಹಿಸಿದವರ ದಂಡೇ ಕಾಣುತ್ತದೆ. ಸಲಹೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ಮುದುಕರ ವ್ಯಾಯಾಮದ ಬಗ್ಗೆ ಕಳೆದ ಮೂರೂವರೆ ದಶಕಗಳಲ್ಲಿ ನಡೆದ ದೊಡ್ಡ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಓದಿದರೆ ಸ್ವಲ್ಪ ಬೇರೆಯೇ ಚಿತ್ರ ಸಿಗುತ್ತದೆ. ವ್ಯಾಯಾಮ ಮಾಡಿದರೆ ಆಯಸ್ಸು ಹೆಚ್ಚುತ್ತದೆ, ಮರೆವಿನ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂದು ನಾವು ಬಾಯಿಪಾಠ ಮಾಡಿಕೊಂಡಿದ್ದೇವಲ್ಲ, ಅದಕ್ಕೆ ಇರುವ ಸಾಕ್ಷ್ಯ ತೆಳು. ಯಾರ ಕೈಯನ್ನೂ ಹಿಡಿಯದೆ ಎದ್ದು ಬಚ್ಚಲಿಗೆ ಹೋಗಿಬರುವ ತ್ರಾಣ ಉಳಿಯುತ್ತದೆ, ಬೀಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಇರುವ ಸಾಕ್ಷ್ಯ ಗಟ್ಟಿ. ಆ ತ್ರಾಣ ಬರೀ ನಡಿಗೆಯಿಂದ ಬರುವುದಿಲ್ಲ. ಭಾರ ಎತ್ತಬೇಕು, ಬಸ್ಕಿ ಹೊಡೆಯಬೇಕು, ಒಂಟಿ ಕಾಲಲ್ಲಿ ನಿಲ್ಲಬೇಕು. ನಮ್ಮಲ್ಲಿ ಯಾರೂ ಮುದುಕರಿಗೆ ಹೇಳದ ಮಾತು ಇದು.

ಮೊದಲು ದೇಹದೊಳಗೆ ಆಗುವುದೇನು ಎಂದು ನೋಡೋಣ. ಸ್ವೀಡನ್ನಿನ ಯಾನ್ ಲೆಕ್ಸೆಲ್ ಮತ್ತು ಸಂಗಡಿಗರು 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಠಾತ್ತನೆ ತೀರಿಕೊಂಡ, ಅದುವರೆಗೆ ಆರೋಗ್ಯವಾಗಿದ್ದ 15ರಿಂದ 83 ವರ್ಷದ ಗಂಡಸರ ತೊಡೆಯ ಸ್ನಾಯುವನ್ನು ಅಡ್ಡಕ್ಕೆ ಸೀಳಿ ಎಳೆಗಳನ್ನು ಎಣಿಸಿದ ಕೆಲಸ ಅದು. ಇಪ್ಪತ್ತರಿಂದ ಎಂಬತ್ತರ ನಡುವೆ ತೊಡೆಯ ಆ ಸ್ನಾಯು ಸುಮಾರು ಶೇ. 40ರಷ್ಟು ಕರಗಿರುತ್ತದೆ. ಎಳೆಗಳ ಸಂಖ್ಯೆಯೇ ಇಳಿಯುತ್ತದೆ. ಉಳಿದವುಗಳಲ್ಲಿ ವೇಗದ ಎಳೆಗಳು ಸಣ್ಣಗಾಗುತ್ತವೆ. ಈ ವೇಗದ ಎಳೆಗಳ ಕೆಲಸ ಏನು ಎಂಬುದು ಎಡವಿದಾಗ ಗೊತ್ತಾಗುತ್ತದೆ. ಹೊಸಿಲಿಗೆ ಕಾಲು ತಗುಲಿದ ಕ್ಷಣದಲ್ಲಿ ಇನ್ನೊಂದು ಕಾಲನ್ನು ಫಕ್ಕನೆ ಮುಂದಿಟ್ಟು ದೇಹವನ್ನು ಹಿಡಿದು ನಿಲ್ಲಿಸುವುದು ಅವೇ. ನಿಧಾನದ ನಡಿಗೆಗೆ ಅವುಗಳ ಅಗತ್ಯ ಬೀಳುವುದೇ ಇಲ್ಲ. ಹತ್ತು ವರ್ಷ ದಿನಾ ಕೆರೆ ಸುತ್ತಿದ ಹಿರಿಯರೂ ಬಚ್ಚಲಲ್ಲಿ ಜಾರಿದಾಗ ಸಾವರಿಸಿಕೊಳ್ಳಲಾರದೆ ಹೋಗುವುದಕ್ಕೆ ಇದೊಂದು ಕಾರಣ.

ಹಾಗಾದರೆ ಇದೆಲ್ಲ ವಯಸ್ಸಿನ ಕೈವಾಡವೇ? ಪೂರ್ತಿ ಅಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಇಪ್ಪತ್ತರ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಅದೇ ಐವರನ್ನು ಮೂವತ್ತು ವರ್ಷಗಳ ನಂತರ ಹುಡುಕಿ ಮತ್ತೆ ಪರೀಕ್ಷಿಸಿದಾಗ ಬಂದ ಫಲಿತಾಂಶ ವೈದ್ಯಲೋಕದಲ್ಲಿ ಈಗಲೂ ಉದಾಹರಣೆಯಾಗಿ ಉಳಿದಿದೆ. ದುಡಿಯುವಾಗ ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವನ್ನು ಕುಗ್ಗಿಸುವುದರಲ್ಲಿ ಮೂವತ್ತು ವರ್ಷದ ವಯಸ್ಸಿಗಿಂತ ಮೂರು ವಾರದ ಹಾಸಿಗೆಯೇ ಮುಂದಿತ್ತು. ಐವತ್ತರ ಆ ಗಂಡಸರಿಗೆ ಆರು ತಿಂಗಳು ತರಬೇತಿ ಕೊಟ್ಟ ಮೇಲೆ ವಯಸ್ಸು ಕಸಿದುಕೊಂಡಿದ್ದ ಆ ಸಾಮರ್ಥ್ಯ ಇಪ್ಪತ್ತರ ಮಟ್ಟಕ್ಕೆ ಮರಳಿತು. ಐದು ಜನರ ಮೇಲೆ ಮಾಡಿದ ಪ್ರಯೋಗ, ನಿಜ. ಆದರೂ 'ವಯಸ್ಸಾಯ್ತು, ಇನ್ನೇನಿದ್ದರೂ ರೆಸ್ಟ್ ತಗೊಳ್ಳಿ' ಎಂಬ ಪ್ರೀತಿಯ ಮಾತಿನೊಳಗೆ ಎಷ್ಟು ಕೇಡು ಅಡಗಿದೆ ಎಂಬುದು ಇದರಿಂದ ತಿಳಿಯುತ್ತದೆ.

ಐವತ್ತರವರ ಕತೆ ಬಿಡಿ, ತೊಂಬತ್ತರಲ್ಲಿ? 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ ಹತ್ತು ಜನರನ್ನು ಆರಿಸಿಕೊಂಡರು. ಸರಾಸರಿ ವಯಸ್ಸು ತೊಂಬತ್ತು. ಹಲವರಿಗೆ ಕೀಲುನೋವು, ಹೃದಯದ ತೊಂದರೆ, ಹಿಂದೆ ಬಿದ್ದು ಮೂಳೆ ಮುರಿದುಕೊಂಡ ಚರಿತ್ರೆ. ಇವರಿಗೆ ಆಕೆ ಕೈಕಾಲು ಆಡಿಸುವ ಹಗುರ ಕವಾಯತು ಹೇಳಿಕೊಡಲಿಲ್ಲ. ಪ್ರತಿಯೊಬ್ಬರೂ ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರವನ್ನು ಅಳೆದು, ಅದರ ಶೇ. 80ರಷ್ಟನ್ನು ಕಾಲಿನಿಂದ ಎತ್ತಿಸಿದರು. ಎಂಟು ವಾರದಲ್ಲಿ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ಸ್ನಾಯುವಿನ ಗಾತ್ರ ಮಾತ್ರ ಹೆಚ್ಚಿದ್ದು ಶೇ. 9ರಷ್ಟೇ.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಬೇಕು. ಸ್ನಾಯು ಇಷ್ಟೇ ಬೆಳೆದರೂ ಬಲ ಅಷ್ಟೊಂದು ಬಂದದ್ದು ಹೇಗೆ? ಮೊದಲ ವಾರಗಳಲ್ಲಿ ಬದಲಾಗುವುದು ಬಹುಮಟ್ಟಿಗೆ ಮಿದುಳಿನಿಂದ ಸ್ನಾಯುವಿಗೆ ಹೋಗುವ ನರಗಳ ಕೆಲಸ. ವರ್ಷಗಟ್ಟಲೆ ಯಾರೂ ಕರೆಯದೆ ಸುಮ್ಮನಿದ್ದ ಎಳೆಗಳನ್ನು ನರಗಳು ಮತ್ತೆ ಕರೆಯತೊಡಗುತ್ತವೆ. ಒಟ್ಟಿಗೆ, ವೇಗವಾಗಿ ಕರೆಯಲು ಕಲಿಯುತ್ತವೆ. ಸ್ನಾಯು ದಪ್ಪವಾಗುವುದು ಆಮೇಲಿನ ಮಾತು. ಆದ್ದರಿಂದಲೇ ಎಂಬತ್ತರಲ್ಲಿ ಶುರು ಮಾಡಿದವರಿಗೂ ಒಂದೂವರೆ ಎರಡು ತಿಂಗಳಲ್ಲಿ ಮೆಟ್ಟಿಲು ಸಲೀಸಾದದ್ದು ಗೊತ್ತಾಗುತ್ತದೆ, ತೋಳಿನ ದಪ್ಪದಲ್ಲಿ ಏನೂ ಕಾಣದಿದ್ದರೂ.

ನಾಲ್ಕು ವರ್ಷದ ನಂತರ ಫಿಯಾಟರೋನ್ ಇದನ್ನೇ ನೂರು ಜನರ ಮೇಲೆ ಮಾಡಿದರು. ಸರಾಸರಿ ವಯಸ್ಸು 87. ಚೀಟಿ ಎತ್ತಿ ನಾಲ್ಕು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಪೌಷ್ಟಿಕ ಪಾನೀಯ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಎರಡೂ ಇಲ್ಲ. ಹತ್ತು ವಾರದಲ್ಲಿ ವ್ಯಾಯಾಮ ಮಾಡಿದವರ ಬಲ ದುಪ್ಪಟ್ಟು ದಾಟಿತು, ನಡಿಗೆಯ ವೇಗ ಶೇ. 12ರಷ್ಟು ಹೆಚ್ಚಿತು. ಬರೀ ಪಾನೀಯ ಕುಡಿದವರಿಗೆ ಬಲದ ಮಟ್ಟಿಗೆ ಏನೂ ಸಿಗಲಿಲ್ಲ. ಟಿ.ವಿ.ಯಲ್ಲಿ ತಾತ ಡಬ್ಬಿಯ ಪುಡಿ ಕುಡಿದು ಮೊಮ್ಮಗನ ಜೊತೆ ಓಡುವ ಜಾಹೀರಾತು ನೋಡಿದಾಗಲೆಲ್ಲ ನನಗೆ ಈ ನಾಲ್ಕು ಗುಂಪುಗಳ ನೆನಪಾಗುತ್ತದೆ.

ಬಲದ ಸಾಧನೆ ನಮಗೆ ಹೊಸದೇನಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವುದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು. ಇವತ್ತು ಜಿಮ್ಮಿನಲ್ಲಿ ಹುಡುಗರು 'ಸ್ಕ್ವಾಟ್' ಎಂದು ಮಾಡುತ್ತಿರುವುದು ಬಸ್ಕಿಯನ್ನೇ. ಆದರೆ ಆ ಸಂಪ್ರದಾಯದಲ್ಲಿ ಸಾಮು ಎಂಬುದು ಹರೆಯದ ಗಂಡಸಿನ ಸ್ವತ್ತು. ಪೈಲ್ವಾನನಿಗೂ ವಯಸ್ಸಾದ ಮೇಲೆ ಉಸ್ತಾದನ ಪಟ್ಟ. ಹೆಂಗಸಿಗೆ ಯಾವ ವಯಸ್ಸಿನಲ್ಲೂ ಪ್ರವೇಶವಿರಲಿಲ್ಲ. ಇವತ್ತು ಭಾರ ಎತ್ತುವುದರ ಲಾಭ ಅತಿ ಹೆಚ್ಚು ಬೇಕಾಗಿರುವುದು ಅರವತ್ತೈದು ದಾಟಿದ ಹೆಂಗಸರಿಗೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ವೇಗ ಹೆಚ್ಚು, ಸ್ನಾಯುವಿನ ಬಂಡವಾಳ ಮೊದಲಿನಿಂದಲೂ ಗಂಡಸಿಗಿಂತ ಕಡಿಮೆ.

ಮೂಳೆಯ ವಿಷಯದಲ್ಲಿ ಆಸ್ಟ್ರೇಲಿಯಾದ ಒಂದು ಪ್ರಯೋಗ ಹಳೆಯ ಭಯವನ್ನು ತಲೆಕೆಳಗು ಮಾಡಿತು. ಮೂಳೆ ಟೊಳ್ಳಾಗಿದೆ ಎಂದು ಗೊತ್ತಾದ ಹೆಂಗಸಿಗೆ ಭಾರ ಎತ್ತಬೇಡಿ, ಬಗ್ಗಬೇಡಿ ಎಂಬುದೇ ಎಲ್ಲ ಕಡೆಯ ಉಪದೇಶ. 2018ರಲ್ಲಿ ಪ್ರಕಟವಾದ 'ಲಿಫ್ಟ್‌ಮೋರ್' ಅಧ್ಯಯನದಲ್ಲಿ ಮೂಳೆ ಸಾಂದ್ರತೆ ಕಡಿಮೆಯಿದ್ದ, ಮುಟ್ಟು ನಿಂತ 101 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಎರಡು ಸಲ ಅರ್ಧ ಗಂಟೆ, ತರಬೇತುದಾರರ ಕಣ್ಣೆದುರಿನಲ್ಲೇ, ನಿಜವಾಗಿ ಭಾರವಾದ ಕಬ್ಬಿಣ ಎತ್ತಿಸಿದರು, ಮೇಲಿನಿಂದ ಧುಮುಕಿಸಿದರು. ಎಂಟು ತಿಂಗಳಲ್ಲಿ ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ. 3ರಷ್ಟು ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಇನ್ನೊಂದು ಗುಂಪಿನಲ್ಲಿ ಶೇ. 1ಕ್ಕೂ ಹೆಚ್ಚು ಇಳಿಯಿತು. ಇದನ್ನು ಓದಿ ಯಾರೂ ನಾಳೆಯೇ ಮನೆಯಲ್ಲಿ ಅಕ್ಕಿ ಮೂಟೆ ಎತ್ತಬಾರದು. ಅಲ್ಲಿನ ಹೆಂಗಸರಿಗೆ ಮೊದಲ ತಿಂಗಳು ಎತ್ತುವ ರೀತಿಯನ್ನೇ ಕಲಿಸಿದ್ದರು.

ಮೂಳೆ ಗಟ್ಟಿಯಾಗುವುದಕ್ಕಿಂತಲೂ ಮುಖ್ಯವಾದದ್ದು ಬೀಳದಿರುವುದು. ಸೊಂಟದ ಮೂಳೆ ಮುರಿದ ಅಜ್ಜಿ ಆಮೇಲೆ ಮೊದಲಿನಂತಾಗಲಿಲ್ಲ ಎಂಬ ಕತೆ ಪ್ರತಿ ಮನೆತನದಲ್ಲೂ ಇದೆ. ಇಡೀ ವಿಷಯದಲ್ಲಿ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಇರುವುದೂ ಇಲ್ಲೇ. ಕ್ಯಾಥರೀನ್ ಶೆರಿಂಗ್ಟನ್ ಮುಂದಾಳ್ತನದ 2019ರ ಕಾಕ್ರೇನ್ ಸಮೀಕ್ಷೆ 25 ದೇಶಗಳ 108 ಪ್ರಯೋಗಗಳನ್ನು, 23,407 ಹಿರಿಯರನ್ನು ಒಟ್ಟುಗೂಡಿಸಿತು. ವ್ಯಾಯಾಮ ಮಾಡಿದವರಲ್ಲಿ ಬೀಳುವ ಪ್ರಮಾಣ ಶೇ. 23ರಷ್ಟು ಕಡಿಮೆ. ಸಮತೋಲನದ ಅಭ್ಯಾಸಕ್ಕೆ ಬಲದ ಅಭ್ಯಾಸವನ್ನೂ ಸೇರಿಸಿದ ಕಡೆ ಇಳಿಕೆ ಮೂರನೇ ಒಂದರಷ್ಟಿತ್ತು. ಬರೀ ನಡಿಗೆಯ ಕಾರ್ಯಕ್ರಮಗಳಿಂದ ಬೀಳುವುದು ಕಡಿಮೆಯಾಯಿತೆಂದು ಆ ಸಮೀಕ್ಷೆಗೆ ಖಚಿತವಾಗಿ ಹೇಳಲಾಗಲಿಲ್ಲ. ನಮ್ಮ ಡಾಕ್ಟರರ ಸಲಹಾ ಚೀಟಿಯ ಪಕ್ಕದಲ್ಲಿ ಇಟ್ಟು ಓದಬೇಕಾದ ಮಾತು ಇದು.

ಇದಕ್ಕೆ ದೊಡ್ಡ ವ್ಯವಸ್ಥೆಯೇನೂ ಬೇಕಾಗಿಲ್ಲ ಎಂಬುದಕ್ಕೆ ನ್ಯೂಜಿಲೆಂಡಿನ ಒಟಾಗೊ ಪದ್ಧತಿ ಉದಾಹರಣೆ. ಡುನೆಡಿನ್ ಪಟ್ಟಣದಲ್ಲಿ ಎಂಬತ್ತು ದಾಟಿದ 233 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಗೆ ಫಿಸಿಯೋಥೆರಪಿಸ್ಟ್ ನಾಲ್ಕು ಸಲ ಹೋಗಿ ಕಲಿಸಿದರು: ಕಾಲಿಗೆ ತೂಕದ ಪಟ್ಟಿ ಕಟ್ಟಿಕೊಂಡು ಮಂಡಿ ಚಾಚುವುದು, ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿಟ್ಟು ನಡೆಯುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಒಂದು ವರ್ಷದಲ್ಲಿ ಬೀಳುವುದು ಮೂರನೇ ಒಂದರಷ್ಟು ತಗ್ಗಿತು. 1997ರಲ್ಲಿ ಪ್ರಕಟವಾದ ಈ ಪದ್ಧತಿಯನ್ನು ಆಮೇಲೆ ಇದಕ್ಕೆಂದೇ ತರಬೇತಿ ಪಡೆದ ನರ್ಸುಗಳೂ ನಡೆಸಿ ತೋರಿಸಿದರು.

ಕುರ್ಚಿಯಿಂದ ಏಳುವುದು ಅಷ್ಟು ದೊಡ್ಡ ವಿಷಯವೇ ಎನ್ನಬಹುದು. ಏಷ್ಯಾದ ಜನರಿಗೆಂದೇ 2019ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ, ಕೈಕಟ್ಟಿಕೊಂಡು ಐದು ಸಲ ಕುಳಿತು ಏಳಲು 12 ಸೆಕೆಂಡೋ ಅದಕ್ಕಿಂತ ಹೆಚ್ಚೋ ಬೇಕಾದರೆ ಸ್ನಾಯು ಸವೆತವಿದೆಯೇ ಎಂದು ನೋಡಿಸಬೇಕು. ಕೈಹಿಡಿತದ ಬಲ ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಿದ್ದರೂ ಹಾಗೆಯೇ. ಹಿಡಿತದ ಬಲ ಎಷ್ಟು ಮಾತಾಡುತ್ತದೆ ಎಂಬುದನ್ನು 2015ರಲ್ಲಿ 'ಪ್ಯೂರ್' ಅಧ್ಯಯನ ತೋರಿಸಿತು. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರಲ್ಲಿ ಹಿಡಿತ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಸಂಭವ ಶೇ. 16ರಷ್ಟು ಹೆಚ್ಚಿತ್ತು. ಬ್ರೆಜಿಲ್ಲಿನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ನಮಗೆ ಇನ್ನೂ ಹತ್ತಿರದ ಪರೀಕ್ಷೆ ಮಾಡಿದರು: ನೆಲದ ಮೇಲೆ ಕುಳಿತು, ಕೈಮಂಡಿ ಊರದೆ ಮತ್ತೆ ಎದ್ದು ನಿಲ್ಲುವುದು. ಹತ್ತಕ್ಕೆ ಎಷ್ಟು ಅಂಕ ಎಂದು ಲೆಕ್ಕ. ತೀರಾ ಕಡಿಮೆ ಅಂಕದವರು ಮುಂದಿನ ಆರು ವರ್ಷಗಳಲ್ಲಿ ಸಾಯುವ ಸಂಭವ, ಪೂರ್ತಿಗೆ ಹತ್ತಿರದ ಅಂಕ ತೆಗೆದವರಿಗಿಂತ ಐದು ಪಟ್ಟು ಹೆಚ್ಚಿತ್ತು.

ಅಳತೆಯನ್ನು ಕಾರಣವೆಂದು ತಿಳಿಯಬಾರದು; ಕಾಯಿಲೆಯಿಂದ ಜರ್ಜರಿತರಾದವರ ಹಿಡಿತವೂ ಸಡಿಲ, ಆಯಸ್ಸೂ ಕಡಿಮೆ. ಆದರೂ ಈ ಪರೀಕ್ಷೆಯ ಸುದ್ದಿ ಓದಿದಾಗ ನಮ್ಮ ಹಳೆಯ ಮನೆಗಳನ್ನು ನೆನೆಯದಿರಲು ಆಗುವುದಿಲ್ಲ. ಪಂಕ್ತಿಯಲ್ಲಿ ಕೂತು ಉಣ್ಣುವುದು, ಈಳಿಗೆಮಣೆಯ ಮುಂದೆ ತರಕಾರಿ, ದೇವರ ಮುಂದೆ ಚಕ್ಕಳಮಕ್ಕಳ, ಹಿತ್ತಲಿನಲ್ಲಿ ಕುಕ್ಕರಗಾಲು. ಹೆಸರಿಲ್ಲದೆಯೇ ದಿನಕ್ಕೆ ಹತ್ತಾರು ಬಸ್ಕಿ ನಡೆದುಹೋಗುತ್ತಿತ್ತು. ಡೈನಿಂಗ್ ಟೇಬಲ್, ಕಮೋಡು, ಗ್ಯಾಸ್ ಕಟ್ಟೆ ಬಂದವು. ನೋಯುವ ಮಂಡಿಗೆ ಅವು ವರವೇ, ದೂರುವಂತಿಲ್ಲ. ಆದರೆ ಅವು ಕಿತ್ತುಕೊಂಡ ಕೆಲಸವನ್ನು ಬೇರೆ ರೂಪದಲ್ಲಿ ಕಾಲಿಗೆ ಹಿಂದಿರುಗಿಸಲಿಲ್ಲ.

ಇಲ್ಲಿಂದ ಮುಂದೆ ಸಾಕ್ಷ್ಯ ತೆಳುವಾಗುತ್ತ ಹೋಗುತ್ತದೆ. ಆಯಸ್ಸಿನ ಪ್ರಶ್ನೆಯನ್ನೇ ನೋಡಿ. ಇದರ ಮೂಲದಲ್ಲಿರುವುದು ಲಂಡನ್ನಿನ ಎರಡಂತಸ್ತಿನ ಬಸ್ಸು. ದಿನವಿಡೀ ಕೂರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಎಂದು ಜೆರೆಮಿ ಮಾರಿಸ್ 1953ರಲ್ಲಿ ತೋರಿಸಿದರು. ಅಲ್ಲಿಗೆ ಸುಮ್ಮನಾಗದ ಅವರು ಮೂರು ವರ್ಷದ ನಂತರ ಸಾರಿಗೆ ಸಂಸ್ಥೆ ಹೊಲಿಸಿಕೊಟ್ಟ ಸಮವಸ್ತ್ರಗಳ ಅಳತೆ ಪುಸ್ತಕ ತೆಗೆದು ನೋಡಿದರು. ಚಿಕ್ಕ ವಯಸ್ಸಿನಲ್ಲೇ ಡ್ರೈವರುಗಳ ಸೊಂಟದ ಸುತ್ತಳತೆ ಕಂಡಕ್ಟರುಗಳಿಗಿಂತ ದೊಡ್ಡದಿತ್ತು! ಅಂದರೆ ಕೆಲಸ ದೇಹವನ್ನು ಮಾಡಿದಷ್ಟೇ ದೇಹವೂ ಕೆಲಸವನ್ನು ಆರಿಸಿಕೊಂಡಿರಬಹುದು. ತನ್ನ ಸಿದ್ಧಾಂತಕ್ಕೆ ತಾನೇ ಅಡ್ಡಗಾಲಿಡುವ ಈ ಪ್ರಾಮಾಣಿಕತೆ ಅಪರೂಪ. ಮುಂದಿನ ಎಪ್ಪತ್ತು ವರ್ಷಗಳ 'ನಡೆಯುವವರು ಹೆಚ್ಚು ಬದುಕುತ್ತಾರೆ' ಎಂಬ ವೀಕ್ಷಣೆಗಳಿಗೆಲ್ಲ ಇದೇ ತೊಡಕು ಅಂಟಿಕೊಂಡಿದೆ: ಮುಂಜಾನೆ ಎದ್ದು ನಡೆಯಲು ಹೋಗುವವರು ಮೊದಲೇ ಗಟ್ಟಿಗರು.

ತೊಡಕು ಬಿಡಿಸಲು ಚೀಟಿ ಎತ್ತಿ ಗುಂಪು ಮಾಡಬೇಕು, ವರ್ಷಗಟ್ಟಲೆ ಕಾಯಬೇಕು. ನಾರ್ವೆಯ ಟ್ರಾಂಡ್‌ಹೈಮ್ ಪಟ್ಟಣದಲ್ಲಿ ಅದನ್ನು ಮಾಡಿದರು. 70ರಿಂದ 77 ವರ್ಷದ 1,567 ಜನ, ಐದು ವರ್ಷ. ಒಂದು ಗುಂಪಿಗೆ ಏದುಸಿರು ಬರುವ ತೀವ್ರ ವ್ಯಾಯಾಮ, ಇನ್ನೊಂದಕ್ಕೆ ಮಧ್ಯಮ, ಮೂರನೆಯವರಿಗೆ ಸರ್ಕಾರದ ಸಾಮಾನ್ಯ ಸಲಹೆ ಪಾಲಿಸಿ ಎಂದಷ್ಟೇ. 2020ರಲ್ಲಿ ಫಲಿತಾಂಶ ಬಂತು: ವ್ಯಾಯಾಮದ ಎರಡು ಗುಂಪುಗಳನ್ನು ಸೇರಿಸಿ ನೋಡಿದರೆ ಸತ್ತವರು ಶೇ. 4.5, ಮೂರನೆಯ ಗುಂಪಿನಲ್ಲಿ ಶೇ. 4.7. ವ್ಯತ್ಯಾಸವಿಲ್ಲ ಎಂದೇ ಲೆಕ್ಕ. ತೀವ್ರ ಗುಂಪಿನಲ್ಲಿ ಶೇ. 3 ಮಾತ್ರ ಸತ್ತರು ಎಂಬುದು ಪತ್ರಿಕೆಗಳ ತಲೆಬರಹವಾಯಿತು, ಆದರೆ ಮಧ್ಯಮ ಗುಂಪಿನಲ್ಲಿ ಶೇ. 5.9 ಎಂಬುದನ್ನು ತಲೆಬರಹ ಬರೆದವರು ಬಿಟ್ಟುಬಿಟ್ಟರು. ನಿಜದಲ್ಲಿ ಆದದ್ದು ಇಷ್ಟೆ: ಮೂರನೆಯ ಗುಂಪಿನ ನಾರ್ವೆಯ ಮುದುಕರೂ ಸುಮ್ಮನೆ ಕೂರಲಿಲ್ಲ, ಅವರೂ ಓಡಾಡಿದರು. ಹಾಗಾಗಿ ವ್ಯಾಯಾಮ ನಿಷ್ಪ್ರಯೋಜಕ ಎಂದು ಇದರಿಂದ ತೀರ್ಮಾನಿಸಲಾಗದು. ಆಯಸ್ಸಿನ ಗ್ಯಾರಂಟಿ ಕೊಡುವವರ ಕೈಯಲ್ಲಿ ದಾಖಲೆಯಿಲ್ಲ ಎನ್ನಬಹುದು.

ಅಮೆರಿಕದ 'ಲೈಫ್' ಪ್ರಯೋಗ ಕೇಳಿದ ಪ್ರಶ್ನೆಯೇ ಬೇರೆ; ನನ್ನ ದೃಷ್ಟಿಯಲ್ಲಿ ಹೆಚ್ಚು ಜಾಣ ಪ್ರಶ್ನೆ. ಎಷ್ಟು ವರ್ಷ ಬದುಕುತ್ತಾರೆ ಎಂದಲ್ಲ, 400 ಮೀಟರು ನಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತಾರೆಯೇ ಎಂದು. ಸದಾ ಕೂತೇ ಇರುತ್ತಿದ್ದ, ಕಾಲು ಆಗಲೇ ಸೋಲತೊಡಗಿದ್ದ 70ರಿಂದ 89 ವರ್ಷದ 1,635 ಜನರಲ್ಲಿ ಅರ್ಧ ಜನಕ್ಕೆ ನಡಿಗೆಯ ಜೊತೆ ಕಾಲಿನ ಬಲ, ಸಮತೋಲನಗಳ ಅಭ್ಯಾಸ. ಉಳಿದವರಿಗೆ ಆರೋಗ್ಯದ ಉಪನ್ಯಾಸ. ಎರಡೂವರೆ ವರ್ಷ ದಾಟುವಾಗ ಉಪನ್ಯಾಸದ ಗುಂಪಿನಲ್ಲಿ ಶೇ. 35.5 ಜನ ಆ ಶಕ್ತಿ ಕಳೆದುಕೊಂಡಿದ್ದರು, ವ್ಯಾಯಾಮದ ಗುಂಪಿನಲ್ಲಿ ಶೇ. 30.1. ಪವಾಡವೇನಲ್ಲ. ನೂರರಲ್ಲಿ ಐದು ಜನ ಹೆಚ್ಚಿಗೆ ಇನ್ನೂ ತಾವೇ ಅಂಗಡಿಗೆ ಹೋಗಿ ಹಾಲು ತರುತ್ತಿದ್ದರು.

ಮಿದುಳಿನ ಕತೆ ಇನ್ನೂ ಗೋಜಲು. 2011ರಲ್ಲಿ ಅಮೆರಿಕದ 120 ಹಿರಿಯರ ಅಧ್ಯಯನವೊಂದು ಆಸೆ ಹುಟ್ಟಿಸಿತು: ಒಂದು ವರ್ಷ ನಡೆದವರಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗ ಶೇ. 2ರಷ್ಟು ದೊಡ್ಡದಾಗಿತ್ತು, ಬರೀ ಮೈಮುರಿಯುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು. ಫಿನ್‌ಲೆಂಡಿನಲ್ಲಿ ಮಿಯಾ ಕಿವಿಪೆಲ್ಟೊ ಅವರ 'ಫಿಂಗರ್' ಪ್ರಯೋಗ 1,260 ಜನರಲ್ಲಿ ಅರ್ಧ ಜನರಿಗೆ ಎರಡು ವರ್ಷ ವ್ಯಾಯಾಮ, ಊಟ, ಮಿದುಳಿನ ಕಸರತ್ತು, ಬಿ.ಪಿ. ನಿಗಾ ಎಲ್ಲವನ್ನೂ ಕೊಟ್ಟು, ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಸಾಧಾರಣ ಲಾಭ ಕಂಡಿತು. ಅದರಲ್ಲಿ ವ್ಯಾಯಾಮದ ಪಾಲೆಷ್ಟು ಎಂದು ಬಿಡಿಸಲಾಗದು. 2018ರಲ್ಲಿ ಇಂಗ್ಲೆಂಡಿನ 'ಡಾಪಾ' ಪ್ರಯೋಗ ಆಗಲೇ ಮರೆವಿನ ಕಾಯಿಲೆ ಶುರುವಾಗಿದ್ದ 494 ಜನರಲ್ಲಿ ಒಂದು ಗುಂಪಿಗೆ ನಾಲ್ಕು ತಿಂಗಳು ಬಿರುಸಾದ ವ್ಯಾಯಾಮ ಕೊಟ್ಟಿತು. ಅವರ ದೇಹ ಗಟ್ಟಿಯಾಯಿತು, ಮರೆವು ನಿಲ್ಲಲಿಲ್ಲ. 2022ರಲ್ಲಿ ಇನ್ನೊಂದು ಅಮೆರಿಕನ್ ಪ್ರಯೋಗ ಮರೆವಿನ ಕಾಯಿಲೆ ಇಲ್ಲದ ಹಿರಿಯರಲ್ಲೂ ವ್ಯಾಯಾಮ, ಧ್ಯಾನ ಎರಡರಿಂದಲೂ ನೆನಪಿನ ಶಕ್ತಿಗೆ ಹೆಚ್ಚಿನ ಲಾಭ ಕಾಣಲಿಲ್ಲ ಎಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಜನರನ್ನು ವರ್ಷವರ್ಷವೂ ಹಿಂಬಾಲಿಸುತ್ತಿದೆ. ದುಡಿದು ಬದುಕಿದ ಹಳ್ಳಿಯ ದೇಹದಲ್ಲಿ ಮಿದುಳು ಮುಪ್ಪಾಗುವ ಬಗೆಯ ಬಗ್ಗೆ ನಮ್ಮದೇ ಲೆಕ್ಕ ಅಲ್ಲಿಂದ ಬರಬೇಕು.

ಸಕ್ಕರೆ ಕಾಯಿಲೆಯ ಮಟ್ಟಿಗೆ ಮಾತು ಚುಟುಕು, ಯಾಕೆಂದರೆ ಜಗಳವೇ ಇಲ್ಲ. ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದ, 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ವಾರಕ್ಕೆ 150 ನಿಮಿಷದ ಚಟುವಟಿಕೆ ಮತ್ತು ತೂಕ ಇಳಿಕೆಯಿಂದ ಕಾಯಿಲೆ ಹತ್ತುವುದು ಶೇ. 58ರಷ್ಟು ತಪ್ಪಿತು, ಅರವತ್ತು ದಾಟಿದವರಲ್ಲಿ ಶೇ. 71. ಚಿಕ್ಕವರಿಗಿಂತ ಹಿರಿಯರಿಗೇ ಹೆಚ್ಚು ಲಾಭ, ಮಾತ್ರೆಗಿಂತಲೂ ಹೆಚ್ಚು. ಇಲ್ಲಿ ನಡಿಗೆ ನಿಜಕ್ಕೂ ಔಷಧ. ಎಷ್ಟು ಹೆಜ್ಜೆ ಎಂಬ ಚಿಂತೆಯವರಿಗೆ ಒಂದು ಸಮಾಧಾನ: ಹತ್ತು ಸಾವಿರ ಎಂಬ ಸಂಖ್ಯೆ ಹುಟ್ಟಿದ್ದು 1960ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರುವಾಗ. ಹದಿನೈದು ಅಧ್ಯಯನಗಳನ್ನು ಕೂಡಿಸಿದ 2022ರ ವಿಶ್ಲೇಷಣೆಯ ಪ್ರಕಾರ ಅರವತ್ತು ದಾಟಿದವರಿಗೆ ಆರರಿಂದ ಎಂಟು ಸಾವಿರದ ಆಚೆ ಲಾಭ ಹೆಚ್ಚುವುದಿಲ್ಲ.

ಯೋಗದ ವಿಷಯಕ್ಕೆ ಬಂದರೆ ಮೈಸೂರು ಬೆಂಗಳೂರಿನವರಿಗೆ ಅಭಿಮಾನ ಅಡ್ಡ ಬರುತ್ತದೆ. ಬೆಂಗಳೂರಿನ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥೆಯ ಸಂಶೋಧಕರು ವೃದ್ಧಾಶ್ರಮವೊಂದರ 69 ಜನರ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ತಿಂಗಳು ಯೋಗ ಮಾಡಿದವರ ನಿದ್ದೆ ಸುಮಾರು ಒಂದು ಗಂಟೆ ಹೆಚ್ಚಿತು. ನಿಮ್ಹಾನ್ಸ್‌ನವರು ನಗರದ ವೃದ್ಧಾಶ್ರಮಗಳಲ್ಲಿ ಮಾಡಿದ ಪ್ರಯೋಗದಲ್ಲಿ ನೆನಪಿನ ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತು. ಸಣ್ಣ ಅಧ್ಯಯನಗಳು, ಆದರೆ ನಮ್ಮ ಜನರ ಮೇಲೆ ನಡೆದವು. ವೃಕ್ಷಾಸನ, ವೀರಭದ್ರಾಸನಗಳಲ್ಲಿ ಸಮತೋಲನವೂ ಇದೆ, ಕಾಲಿನ ದುಡಿಮೆಯೂ ಇದೆ. ಬರೀ ಪ್ರಾಣಾಯಾಮ ಮಾಡಿ ಎದ್ದು ಬರುವುದರಲ್ಲಿ ಅವೆರಡೂ ಇಲ್ಲ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ದುಪ್ಪಟ್ಟಾಗುತ್ತದೆ ಎಂದು ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು 2006ರಲ್ಲಿ ಅಳೆದು ತೋರಿಸಿದ್ದಾರೆ. ಗ್ಲಾಕೊಮಾ ಇರುವವರು ಅದರ ತಂಟೆಗೆ ಹೋಗಬಾರದು. ಬೆನ್ನುಮೂಳೆ ಸವೆದವರು ಪಶ್ಚಿಮೋತ್ತಾನಾಸನ, ಹಲಾಸನದಂತೆ ಮುಂದಕ್ಕೆ ಮಡಚುವ ಆಸನಗಳನ್ನು ಬಿಡುವುದು ಕ್ಷೇಮ.

'ನಮಗ್ಯಾಕೆ ವ್ಯಾಯಾಮ, ಮನೆಗೆಲಸವೇ ಸಾಕು' ಎನ್ನುವ ಅಮ್ಮಂದಿರ ಮಾತನ್ನು ತಳ್ಳಿಹಾಕುವಂತಿಲ್ಲ, ಒಪ್ಪುವಂತೆಯೂ ಇಲ್ಲ. ಮನೆಗೆಲಸ ದಣಿಸುತ್ತದೆ, ಆದರೆ ಭಾರ ಏರುವುದಿಲ್ಲ. ಹದಿನೈದು ವರ್ಷದಿಂದ ಎತ್ತುತ್ತಿರುವ ಅದೇ ಕುಕ್ಕರಿಗೆ ಸ್ನಾಯು ಹೊಸದಾಗಿ ಉತ್ತರ ಕೊಡಬೇಕಾಗಿಲ್ಲ. ತರಬೇತಿ ಎಂದರೆ ನಿನ್ನೆಗಿಂತ ಸ್ವಲ್ಪ ಹೆಚ್ಚು ಕೇಳುವುದು, ಆಮೇಲೆ ವಿಶ್ರಾಂತಿ, ಹೊಟ್ಟೆಗೆ ಸಾಕಷ್ಟು ಊಟ. ಎಪ್ಪತ್ತರಲ್ಲೂ ಕೂಲಿಗೆ ಹೋಗಿ ಬಗ್ಗಿ ಕಳೆ ಕೀಳುವ ಹೆಂಗಸಿಗೆ ದುಡಿಮೆ ಬೇಕಾದಷ್ಟಿದೆ. ವಿಶ್ರಾಂತಿ ಇಲ್ಲ, ಊಟ ಸಾಲದು. ಡೆನ್ಮಾರ್ಕಿನ ಸಂಶೋಧಕರು ಬಿಡುವಿನ ವ್ಯಾಯಾಮ ಹೃದಯಕ್ಕೆ ಒಳ್ಳೆಯದು, ಹೊಟ್ಟೆಪಾಡಿನ ಭಾರೀ ದುಡಿಮೆ ಹಾಗಲ್ಲ ಎಂದು ಪದೇ ಪದೇ ಕಂಡಿದ್ದಾರೆ. ಹಳ್ಳಿಯ ಕೂಲಿಗೆ ವ್ಯಾಯಾಮದ ಉಪದೇಶ ಮಾಡುವುದು ಅವಮಾನವಾಗುತ್ತದೆ. ಆಕೆಗೆ ಬೇಕಾದದ್ದು ಪಿಂಚಣಿ ಮತ್ತು ಪ್ರೋಟೀನು.

ಪ್ರೋಟೀನಿನ ಮಾತು ಪೇಟೆಯವರಿಗೂ ಸಲ್ಲುತ್ತದೆ. ವಯಸ್ಸಾದ ಸ್ನಾಯು ಊಟಕ್ಕೂ ಮಂದವಾಗಿ ಸ್ಪಂದಿಸುತ್ತದೆ. ಅದಕ್ಕೆ ಯೌವನದಲ್ಲಿ ಬೇಕಾಗಿದ್ದಕ್ಕಿಂತ ಹೆಚ್ಚು ಪ್ರೋಟೀನು ಬೇಕು. ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಎಂಬುದು ಹಿರಿಯರ ಆಹಾರ ತಜ್ಞರ ಲೆಕ್ಕ. ಅರವತ್ತು ಕಿಲೋದವರಿಗೆ ಕನಿಷ್ಠ ಅರವತ್ತು ಗ್ರಾಂ ಆಯಿತು. ರಾಗಿಯ ನೂರು ಗ್ರಾಂ ಹಿಟ್ಟಿನಲ್ಲಿರುವುದು ಏಳು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು. ನಮ್ಮ ಹಿರಿಯರು ವಯಸ್ಸಾದಂತೆ ಊಟವನ್ನು ಸಾತ್ವಿಕವಾಗಿಸುತ್ತ ರಾತ್ರಿಗೆ ಎರಡು ಇಡ್ಲಿ, ಒಂದು ಲೋಟ ಮಜ್ಜಿಗೆಗೆ ಇಳಿಯುತ್ತಾರೆ. ಸ್ನಾಯುವಿನ ದೃಷ್ಟಿಯಿಂದ ಅದು ಅರೆಹೊಟ್ಟೆ. ಹೆಸರುಕಾಳಿನ ಉಸಲಿ, ಗಟ್ಟಿ ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು, ಇವು ಹೆಚ್ಚಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಆಸ್ಪತ್ರೆಯ ಹಾಸಿಗೆ ಈ ವಿಷಯದಲ್ಲಿ ಬಹಳ ಅಪಾಯದ ಜಾಗ. ಸರಾಸರಿ 67ರ ಆರೋಗ್ಯವಂತರನ್ನು ಹತ್ತು ದಿನ ಮಲಗಿಸಿ ನೋಡಿದ ಅಮೆರಿಕದ ಸಣ್ಣ ಅಧ್ಯಯನದಲ್ಲಿ ಕಾಲುಗಳಿಂದಲೇ ಒಂದು ಕಿಲೋದಷ್ಟು ಮಾಂಸ ಕರಗಿಹೋಗಿತ್ತು. ಸ್ಪೇನಿನ ಪಾಂಪ್ಲೋನಾದಲ್ಲಿ ಇದಕ್ಕೆ ಉಲ್ಟಾ ಮಾಡಿದರು. ಆಸ್ಪತ್ರೆ ಸೇರಿದ, ಸರಾಸರಿ 87 ವರ್ಷದ 370 ಜನರಲ್ಲಿ ಅರ್ಧ ಜನರಿಗೆ ವಾರ್ಡಿನಲ್ಲೇ ದಿನಕ್ಕೆ ಎರಡು ಸಲ ನಡಿಗೆ, ಭಾರ ಎತ್ತುವುದು, ಸಮತೋಲನ. ಮಾಮೂಲು ಚಿಕಿತ್ಸೆ ಪಡೆದವರು ಸೇರಿದಾಗಿನದಕ್ಕಿಂತ ಪರಾಧೀನರಾಗಿ ಮನೆಗೆ ಹೋದರು. ವ್ಯಾಯಾಮ ಮಾಡಿದವರು ಹಾಗಾಗಲಿಲ್ಲ. ನಮ್ಮಲ್ಲಿ ಆಸ್ಪತ್ರೆಯಿಂದ ಬಂದ ಅಜ್ಜನಿಗೆ ಸೊಸೆ ತಟ್ಟೆಯನ್ನು ಮಂಚಕ್ಕೇ ತಂದುಕೊಡದಿದ್ದರೆ ನೆಂಟರು ಆಡಿಕೊಳ್ಳುತ್ತಾರೆ.

ಅಪಾಯ ಇಲ್ಲವೇ? ಇದೆ, ಆದರೆ ಭಯಕ್ಕೆ ತಕ್ಕಷ್ಟಿಲ್ಲ. ವಿಶ್ರಾಂತಿಯಲ್ಲೂ ಎದೆನೋವು ಬರುವವರು, ಹತೋಟಿಗೆ ಬಾರದ ಬಿ.ಪಿ.ಯವರು, ಹೃದಯದ ಕವಾಟ ತೀರಾ ಕಿರಿದಾದವರು ಮೊದಲು ಚಿಕಿತ್ಸೆ ಮಾಡಿಸಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬಾರದು. ಬಿ.ಪಿ. ಮಾತ್ರೆ ನುಂಗುವವರು ಥಟ್ಟನೆ ಎದ್ದು ನಿಲ್ಲಬಾರದು. ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯಬಾರದು. ಮಂಡಿನೋವು ಇದೆಯೆಂದು ಬಿಡಬೇಕಾಗಿಲ್ಲ. ಮಂಡಿಯ ಸುತ್ತಲಿನ ಸ್ನಾಯು ಬಲಗೊಂಡರೆ ನೋವು ತುಸು ಇಳಿಯುತ್ತದೆ ಎಂದು 1997ರಲ್ಲಿ ಅಮೆರಿಕದ 439 ಹಿರಿಯರ ಪ್ರಯೋಗ ತೋರಿಸಿತು, ಆಮೇಲಿನ ಹತ್ತಾರು ಪ್ರಯೋಗಗಳು ಅದನ್ನೇ ಹೇಳಿವೆ. ಲಾಭ ದೊಡ್ಡದಲ್ಲ, ಆದರೆ ನೋವಿನ ಮಾತ್ರೆಯಂತೆ ಹೊಟ್ಟೆ ಕೆಡಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ಮೂರು ಬಗೆಯದನ್ನು ಹೇಳುತ್ತದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಎರಡು ದಿನವಾದರೂ ಬಲದ ಅಭ್ಯಾಸ, ಮೂರು ದಿನ ಸಮತೋಲನ ಸೇರಿದ ಅಭ್ಯಾಸ. ಮೊದಲನೆಯದು ಮಾತ್ರ ನಮ್ಮ ಊರುಗಳಿಗೆ ತಲುಪಿದೆ. ಪಾರ್ಕುಗಳಲ್ಲಿ ಸರ್ಕಾರ ನೆಟ್ಟ ಕಬ್ಬಿಣದ ಯಂತ್ರಗಳಿವೆ, ನಿಜ. ಅವುಗಳಲ್ಲಿ ಬಹಳಷ್ಟು ಗಾಳಿಯಲ್ಲಿ ಕಾಲು ತೂಗುವಂಥವು; ಭಾರವನ್ನು ಹೆಚ್ಚಿಸುವ ಉಪಾಯ ಅವುಗಳಲ್ಲಿಲ್ಲ, ಹೇಳಿಕೊಡುವವರೂ ಪಕ್ಕದಲ್ಲಿಲ್ಲ. ಬೆನ್ನಿನ ಚೀಲದಲ್ಲಿ ಒಂದೊಂದೇ ಲೀಟರಿನ ನೀರಿನ ಬಾಟಲು ಏರಿಸುತ್ತ ಕುರ್ಚಿಯಿಂದ ಎದ್ದು ಕೂರುವುದು ಅವಕ್ಕಿಂತ ಒಳ್ಳೆಯ ಸಾಧನ.

ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಬಾಸ್ಟನ್ನಿನ ಮೊದಲ ಅಧ್ಯಯನವೇ ನೋಡಿತ್ತು. ತರಬೇತಿ ನಿಂತ ನಾಲ್ಕು ವಾರದಲ್ಲಿ ಆ ತೊಂಬತ್ತರವರ ಬಲ ಶೇ. 32ರಷ್ಟು ಇಳಿಯಿತು. ನಿವೃತ್ತಿಯ ಆಸುಪಾಸಿನಲ್ಲೇ ಶುರು ಮಾಡಿದವರ ಗಳಿಕೆ ಹೆಚ್ಚು ಬಾಳಿಕೆಯದ್ದು. ಕೋಪನ್‌ಹೇಗನ್ನಿನಲ್ಲಿ ಒಂದು ವರ್ಷ ವಾರಕ್ಕೆ ಮೂರು ಸಲ ಭಾರವಾದದ್ದನ್ನೇ ಎತ್ತಿದವರ ಕಾಲಿನ ಬಲ, ತರಬೇತಿ ಮುಗಿದು ಮೂರು ವರ್ಷವಾದ ಮೇಲೂ ಶುರುವಿನ ಮಟ್ಟದಲ್ಲೇ ಉಳಿದಿತ್ತು. ಮಧ್ಯಮ ತರಬೇತಿಯವರದೂ ಏನೂ ಮಾಡದವರದೂ ಅದಕ್ಕಿಂತ ಕೆಳಗಿಳಿದಿತ್ತು ಎಂದು 2024ರಲ್ಲಿ ವರದಿಯಾಯಿತು. ಹಾಗಾಗಿ ಹೇಳಿಕೊಡಬೇಕಾದ ವಯಸ್ಸು ಅರವತ್ತು, ಎಂಬತ್ತಲ್ಲ.

ಹೇಳಿಕೊಡುವವರು ಯಾರು? ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010ರಿಂದಲೇ ಇದೆ, ಫಿಸಿಯೋಥೆರಪಿಯನ್ನು ಆಸ್ಪತ್ರೆಗಳಲ್ಲಿಟ್ಟಿದೆ. ಮಂಡಿ ಹಿಡಿದುಕೊಂಡು ಬಸ್ಸು ಹತ್ತಲಾರದವರು ಆಸ್ಪತ್ರೆಗೆ ಹೋಗಿ ವಾರಕ್ಕೆ ಎರಡು ಸಲ ಬಸ್ಕಿ ಕಲಿಯುವುದುಂಟೇ? ಕರ್ನಾಟಕದಲ್ಲಿ ಮನೆ ಬಾಗಿಲಿಗೇ ಬಂದು ಬಿ.ಪಿ., ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆ ಈಗ ಇದೆ, ನಗರಗಳಲ್ಲಿ ನಮ್ಮ ಕ್ಲಿನಿಕ್‌ಗಳಿವೆ. ಅದೇ ಭೇಟಿಯಲ್ಲಿ ಅರವತ್ತು ದಾಟಿದವರನ್ನು ಕುರ್ಚಿಯಿಂದ ಐದು ಸಲ ಎಬ್ಬಿಸಿ, ಮೊಬೈಲಿನಲ್ಲಿ ಸೆಕೆಂಡು ನೋಡಿ ಕಾರ್ಡಿನಲ್ಲಿ ಬರೆದಿಡಬಹುದು. ಹನ್ನೆರಡು ಸೆಕೆಂಡು ದಾಟಿದವರ ಮನೆಗೆ ಒಟಾಗೊದಲ್ಲಿ ಹೋದಂತೆ ತರಬೇತಿ ಪಡೆದ ನರ್ಸೊಬ್ಬರು ವರ್ಷಕ್ಕೆ ನಾಲ್ಕು ಸಲ ಹೋಗಬೇಕಾಗುತ್ತದೆ, ಜೊತೆಗೆ ಕಾಲಿಗೆ ಕಟ್ಟಲು ಮರಳು ತುಂಬಿದ ಎರಡು ಬಟ್ಟೆ ಚೀಲ.